ಮಿಸ್ ಕೋರಾ ತಿರುಗುವುದಿಲ್ಲ

ನೆಲದ ಮೇಲೆ ಇದ್ದಾಗ ಲೆನ್ನಿ ವ್ರೋಬೆಲ್‌ನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಇದು ನಾನು ಹೀಯಾಳಿಸಿ ಹೇಳುವ ಮಾತಲ್ಲ, ಅವನೇ ಹೇಳಿಕೊಳ್ಳುತ್ತಿದ್ದ ಮಾತು. ಬ್ಯಾಂಕಿಗೆ ಹೋದರೆ ತೊದಲುತ್ತಿದ್ದ. ಮಗಳ ಶಾಲೆಯಿಂದ ಕರೆ ಬಂದರೆ ಹಿಂದಿನ ಬೆಂಚಿನಲ್ಲಿ ಕೂತು ಟೋಪಿ ತಿರುವುತ್ತಿದ್ದ. ಮನೆಗೆ ಯಾವ ಟೀವಿ ತರಬೇಕು, ಯಾರ ಮದುವೆಗೆ ಹೋಗಬೇಕು, ಹೋಗುವಾಗ ಯಾವ ಅಂಗಿ ಹಾಕಬೇಕು, ಎಲ್ಲವೂ ಹೆಂಡತಿ ಬರ್ಟಾಳ ತೀರ್ಮಾನ. ಆದರೆ ಅದೇ ಲೆನ್ನಿ ಬೆಳಿಗ್ಗೆ ಐದಕ್ಕೆ ದಕ್ಕೆಗೆ ಬಂದು, ರಬ್ಬರ್ ಬೂಟು ಏರಿಸಿ ಮಿಸ್ ಕೋರಾದ ಡೆಕ್ಕಿಗೆ ಕಾಲಿಟ್ಟನೋ, ಅರ್ಧ ಅಡಿ ಎತ್ತರವಾಗಿಬಿಡುತ್ತಿದ್ದ.

ಮಿಸ್ ಕೋರಾ ನಮ್ಮ ನ್ಯೂಜೆರ್ಸಿ ಕರಾವಳಿಯ ಮೀನುಬೇಟೆಯ ಬೋಟು. ಟಿಕೆಟ್ ಕೊಂಡ ಯಾರು ಬೇಕಾದರೂ ಹತ್ತಬಹುದು. ಗಾಳದ ಕೋಲು ಬೋಟಿನದು, ಎರೆ ಬೋಟಿನದು, ಹಿಡಿದ ಮೀನು ಮಾತ್ರ ನಿಮ್ಮದು. ನಲವತ್ತು ನಲವತ್ತೈದು ಜನ ಭುಜಕ್ಕೆ ಭುಜ ತಾಗಿಸಿಕೊಂಡು ಕಟಕಟೆಗೆ ಒರಗಿ ನಿಲ್ಲುತ್ತಾರೆ. ಲಂಗರಿಗೆ ಮುಂಬದಿಯಲ್ಲಿ ಒಬ್ಬ ಹುಡುಗ, ಉಳಿದ ಡೆಕ್ಕಿಗೆಲ್ಲ ಲೆನ್ನಿಯೇ ಆಳು. ದಾರದ ಸಿಕ್ಕು ಬಿಡಿಸುವುದು, ಎರೆ ಕತ್ತರಿಸುವುದು, ದೊಡ್ಡ ಮೀನಿಗೆ ಕೊಕ್ಕೆ ಹಾಕಿ ಮೇಲೆತ್ತುವುದು, ವಾಪಸು ಬರುವಾಗ ಎಲ್ಲರ ಮೀನು ಸೀಳಿ ಕೊಡುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ. ನಾನು ಡೀ, ಅದೇ ಬೋಟಿನ ಅಡುಗೆಗೂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಮೊಟ್ಟೆ ಒಡೆಯುತ್ತಿರುವವಳು. ಆದ್ದರಿಂದ ಇವನ ಕಥೆ ಹೇಳುವ ಹಕ್ಕು ನನಗಿದೆ. ಇಷ್ಟವಿಲ್ಲದವರು ಕಿವಿ ಮುಚ್ಚಿಕೊಳ್ಳಲಿ.

ಅವನ ಹೆಸರು ಕರಾವಳಿಯಲ್ಲಿ ಹಬ್ಬಿದ್ದು ಮೀನಿನಿಂದ ಅಲ್ಲ, ಭಾಷಣದಿಂದ. ಬೋಟು ಅಳಿವೆ ದಾಟಿ ಮೊದಲ ದೊಡ್ಡ ಅಲೆ ಮೂತಿಗೆ ಬಡಿದ ಕೂಡಲೇ ಲೆನ್ನಿ ಎರೆಯ ಡಬ್ಬ ಬೋರಲು ಹಾಕಿ ಅದರ ಮೇಲೆ ಹತ್ತುತ್ತಿದ್ದ.

"ಕೇಳ್ರಪ್ಪೋ ಕೇಳಿ! ಇನ್ನೊಂದ್ ಗಂಟೆಗೆ ನಿಮ್ಮಲ್ಲಿ ನಾಲ್ಕೈದು ಜನ ಹೊಟ್ಟೆ ತೊಳೆಸಿ ಹಸಿರಾಗ್ತೀರಿ. ಯಾರು ಅಂತ ನಂಗೆ ಈಗ್ಲೇ ಗೊತ್ತು, ಹೇಳಲ್ಲ. ವಾಂತಿ ಬಂದ್ರೆ ಕಕ್ಕಸಿಗೆ ಓಡ್ಬೇಡಿ, ಅದನ್ನ ತೊಳೆಯೋನು ನಾನು. ಗಾಳಿಗೆ ಬೆನ್ ಕೊಟ್ಟು, ಕಟಕಟೆ ಹಿಡ್ಕೊಂಡು, ಮೀನಿಗೇ ಊಟ ಹಾಕಿ. ಸತ್ತೇ ಹೋಗ್ತೀನಿ ಅನ್ಸುತ್ತೆ. ಸಾಯಲ್ಲ. ಕಡಲ ವಾಂತಿಯಿಂದ ಇವತ್ತಿನವರ್ಗೂ ಒಬ್ನೂ ಸತ್ತಿಲ್ಲ. ಅಮ್ಮನ್ನಾದ್ರೂ ಕರೀರಿ, ದೇವ್ರನ್ನಾದ್ರೂ ಕರೀರಿ. ನೀವೊಬ್ರು ದುಡ್ಡು ಕೊಟ್ಟಿದೀರ ಅಂತ ಬೋಟು ತಿರುಗಿಸೋಕಾಗುತ್ತಾ? ಉಳಿದೋರೇನು ಬಿಟ್ಟಿ ಬಂದಿದಾರಾ? ಅದಕ್ಕೇ ನೆನಪಿಡಿ, ಮಿಸ್ ಕೋರಾ..."

"ತಿರುಗಲ್ಲಾ!" ಎಂದು ಹಳೆಯ ಗಿರಾಕಿಗಳೆಲ್ಲ ಒಕ್ಕೊರಲಿನಿಂದ ಕೂಗುತ್ತಿದ್ದರು.

ಅದರಲ್ಲಿ ನ್ಯಾಯವೂ ಇತ್ತು ಅನ್ನಿ. ಮೂರು ಗಂಟೆ ಓಡಿಸಿಕೊಂಡು ಹೋಗಿ, ಹೊಟ್ಟೆ ತೊಳೆಸಿದ ಪ್ರತಿಯೊಬ್ಬರಿಗಾಗಿ ಹಿಂದಿರುಗುತ್ತ ಕೂತರೆ ಬೋಟಿನವರು ಮಣ್ಣು ತಿನ್ನಬೇಕಾಗುತ್ತದೆ. ಒಬ್ಬ ಮದುಮಗ ಕೈಗಡಿಯಾರ ಬಿಚ್ಚಿ ಕೊಡುತ್ತೇನೆಂದ, ತಿರುಗಲಿಲ್ಲ. ಒಬ್ಬ ನ್ಯಾಯಾಧೀಶ ಜೈಲಿಗೆ ಹಾಕಿಸುತ್ತೇನೆಂದ, ತಿರುಗಲಿಲ್ಲ. ಪಾದ್ರಿಯೊಬ್ಬರು ಏಳು ಗಂಟೆ ಕಕ್ಕಿ, ಇಳಿಯುವಾಗ ಲೆನ್ನಿಗೆ ಆಶೀರ್ವಾದ ಮಾಡಿ ಹೋದರು. ಹಾಗಂತ ಅವನು ಕಟುಕನೇನೂ ಅಲ್ಲ. ತಮಾಷೆ ಮಾಡುತ್ತಲೇ ವಾಂತಿ ಮಾಡುವವರ ಸೊಂಟಪಟ್ಟಿ ಹಿಂದಿನಿಂದ ಬಿಗಿಹಿಡಿದು ನಿಲ್ಲುತ್ತಿದ್ದ, ಬಾಯಿಗೆ ಶುಂಠಿ ಮಿಠಾಯಿ ಹಾಕುತ್ತಿದ್ದ, ದಕ್ಕೆ ಬಂದಾಗ ಕೈಹಿಡಿದು ಇಳಿಸುತ್ತಿದ್ದ. ಚುಕ್ಕಾಣಿ ಹಿಡಿಯುವವನು ಕ್ಯಾಪ್ಟನ್ ಗಸ್. ಬೋಟಿನ ಒಡೆಯನೂ ಅವನೇ. ಎಪ್ಪತ್ತು ದಾಟಿದ ಮುದುಕ, ಮಾತು ಕಡಿಮೆ. ಡೆಕ್ಕಿನ ಮೇಲಿನ ತೀರ್ಪನ್ನೆಲ್ಲ ಲೆನ್ನಿಗೆ ಬಿಟ್ಟುಬಿಟ್ಟಿದ್ದ.

ಬರ್ಟಾ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಐವತ್ತು ಮಕ್ಕಳನ್ನು ಕನ್ನಡಿಯಲ್ಲಿ ಒಂದೇ ಒಂದು ನೋಟ ನೋಡಿ ಸುಮ್ಮನಾಗಿಸುವ ಹೆಂಗಸು. ನಕ್ಕರೆ ಬೀದಿಯ ಆಚೆ ಮನೆಗೆ ಕೇಳಬೇಕು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಗಂಡನ ಬೋಟು ಹತ್ತಿರಲಿಲ್ಲ. "ನಿನ್ನ ಬೂಟಿನ ವಾಸನೆ ಮನೇಲೇ ಸಾಕಾಗಿದೆ, ಅದರ ತವರಿಗೆ ಬೇರೆ ಬರ್ಬೇಕಾ?" ಅನ್ನುತ್ತಿದ್ದಳು. ಲೆನ್ನಿ ನಗುತ್ತಿದ್ದ. ಆದರೆ ಅದು ಅವನಿಗೆ ಒಳಗೇ ಕೊರೆಯುತ್ತಿತ್ತು ಅಂತ ನನಗೆ ಗೊತ್ತು.

"ನಾನು ಕೆಲಸ ಮಾಡೋದನ್ನ ಅವಳು ಒಂದ್ಸಲಾನೂ ನೋಡಿಲ್ಲ ಡೀ," ಎಂದಿದ್ದ ಒಮ್ಮೆ, ಎರೆ ಕತ್ತರಿಸುತ್ತ. "ಮನೇಲಿ ನಾನು ಕಸದ ಡಬ್ಬಿ ಹೊರಗಿಡೋಕೆ ಇರೋನು. ಈ ಮೊಣಕಾಲು ಕೈಕೊಡೋದ್ರೊಳಗೆ ಒಂದ್ಸಲ ಬಂದು ನೋಡ್ಲಿ ಅಂತ ಆಸೆ."

ಆ ಆಸೆ ಈಡೇರಿಸಿದವನು ಅಳಿಯ. ಮಗಳು ಜಾನೀನ್ ಸೆಪ್ಟೆಂಬರಿನಲ್ಲಿ ಕರ್ಟ್ ಎಂಬುವನನ್ನು ಮದುವೆಯಾದಳು. ಒಹಾಯೋದವನು, ಕೆರೆಮೀನು ಬಿಟ್ಟು ಬೇರೆ ಕಂಡವನಲ್ಲ. ಮಾವನ ಬೋಟಿನಲ್ಲಿ ನಡುಗಡಲಿಗೆ ಹೋಗಲೇಬೇಕು ಎಂದು ಹಟ ಹಿಡಿದ. ಜಾನೀನ್ ತಾನೂ ಬರುತ್ತೇನೆಂದಳು. ಕೊನೆಗೆ ಬರ್ಟಾ, "ಆಯ್ತು, ನಾನೂ ಬರ್ತೀನಿ. ಅದೇನ್ ಕಿಸೀತಾನೋ ನೋಡೇಬಿಡೋಣ," ಎಂದಳು. ನವೆಂಬರಿನ ಮೊದಲ ಶನಿವಾರ ಅಂತ ನಿಶ್ಚಯವಾಯಿತು. ನಲವತ್ತು ಮೈಲಿ ಆಚೆ ಮುಳುಗಿದ ಹಡಗುಗಳ ಸುತ್ತ ಕರಿ ಬಾಸ್ ಮೀನು ಗುಂಪುಗಟ್ಟುವ ಕಾಲ ಅದು.

ಆ ಬೆಳಿಗ್ಗೆ ಲೆನ್ನಿಯನ್ನು ನೋಡಬೇಕಿತ್ತು. ನುಣ್ಣಗೆ ಗಡ್ಡ ಹೆರೆದು, ಮೀನಿನ ಕೊಳೆ ಹತ್ತುವ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ. ಹಿಂಬದಿಯ ಮೂಲೆ ಈ ಬೋಟಿನಲ್ಲಿ ಸಿಂಹಾಸನ ಇದ್ದ ಹಾಗೆ. ಕೊಳಾಯಿ ರಿಪೇರಿ ಮಾಡಿ ನಿವೃತ್ತನಾದ ಹರ್ಮನ್ ಹದಿನೈದು ವರ್ಷದಿಂದ ಪ್ರತಿ ಶನಿವಾರ ಎಲ್ಲರಿಗಿಂತ ಮೊದಲು ಬಂದು ಅಲ್ಲಿ ತನ್ನ ಕೋಲು ಕಟ್ಟುತ್ತಾನೆ. ಆ ಮೂಲೆಗಾಗಿ ಸ್ವಂತ ತಮ್ಮನ ಜೊತೆ ಹೊಡೆದಾಡಿದವನು. ಅವತ್ತು ಅದೇ ಹರ್ಮನ್ ಕೋಲು ಬಿಚ್ಚಿಕೊಂಡು, "ಬನ್ನಿ ತಾಯಿ, ಇಲ್ಲಿ ನಿಂತ್ಕೊಳ್ಳಿ," ಎಂದು ಬರ್ಟಾಳಿಗೆ ಜಾಗ ಬಿಟ್ಟ.

"ಇದೇನ್ರೀ ಇಷ್ಟು ಮರ್ಯಾದೆ?" ಎಂದಳು ಬರ್ಟಾ. "ಇವರೆಲ್ಲ ನಿನ್ ಮಾತು ಕೇಳ್ತಾರೇನೋ ಲೆನ್ನಿ? ಮನೇಲಿ ನಾಯೀನೂ ಕೇಳಲ್ಲ!"

ಇಡೀ ಬೋಟು ನಕ್ಕಿತು. ಲೆನ್ನಿಯ ಕಿವಿ ಕೆಂಪಾಯಿತು, ಆದರೆ ಮುಖ ಮಾತ್ರ ಹಿಗ್ಗಿತ್ತು. ಅಳಿವೆ ದಾಟಿದ ಮೇಲೆ ಡಬ್ಬದ ಮೇಲೆ ಹತ್ತಿ ಅವನು ಮಾಡಿದ ಭಾಷಣ ನಾನು ಕೇಳಿದ ಸಾವಿರ ಭಾಷಣಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. "ತಿರುಗಲ್ಲಾ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ಬರ್ಟಾ. ಚಪ್ಪಾಳೆ ಬೇರೆ ತಟ್ಟಿದಳು. ಜಾನೀನ್ ನನ್ನ ಪಕ್ಕಕ್ಕೆ ಬಂದು, "ಅಮ್ಮ ಅಪ್ಪನ್ನ ಹೀಗೆ ನೋಡಿದ್ದು ನಾನು ಯಾವತ್ತೂ ಕಂಡಿಲ್ಲ ಡೀ ಆಂಟಿ," ಎಂದಳು. ಅವಳ ಕಣ್ಣು ತುಂಬಿತ್ತು.

ಮುಳುಗಿದ ಹಡಗಿನ ಮೇಲೆ ಲಂಗರು ಹಾಕಿದಾಗ ಒಂಬತ್ತು ಗಂಟೆ. ಗಸ್ ಗಂಟೆ ಬಾರಿಸಿ ಗಾಳ ಬಿಡಿ ಎಂದ ಎರಡನೇ ನಿಮಿಷಕ್ಕೆ ಬರ್ಟಾಳ ಕೋಲು ಬಾಗಿತು. "ಎಳಿ, ಎಳಿ, ಸಡ್ಲ ಬಿಡ್ಬೇಡ, ಬಸ್ಸಿನ ಬ್ರೇಕ್ ಅಲ್ಲ ಅದು!" ಎಂದು ಲೆನ್ನಿ ಕುಣಿದಾಡಿದ. ದಾರದ ಎರಡು ಗಾಳಕ್ಕೂ ಮೀನು ಸಿಕ್ಕಿತ್ತು, ಎರಡೂ ಮೊಳದುದ್ದ. ಹರ್ಮನ್ ಸೀಟಿ ಹೊಡೆದ. ಬರ್ಟಾ ಮೀನಿನ ಲೋಳೆ ಮೆತ್ತಿದ ಕೈಯಲ್ಲೇ ಗಂಡನ ಕೆನ್ನೆ ಹಿಂಡಿ, "ಇಷ್ಟು ದಿನ ಇದನ್ನ ನನ್ನಿಂದ ಬಚ್ಚಿಟ್ಟಿದ್ಯಲ್ಲೋ ಕಳ್ಳ!" ಎಂದಳು. ಅಷ್ಟು ಸಂತೋಷದ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಅರ್ಧ ಗಂಟೆಯ ನಂತರ ಅವಳು ನನ್ನ ಅಡುಗೆಗೂಡಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಳು.

"ಡೀ, ಒಂಚೂರು ನೀರು ಕೊಡೇ. ಏನೋ ಸಂಕಟ."

ಮುಖ ಬೂದಿ ಬಣ್ಣವಾಗಿತ್ತು. ಅಂಥ ಚಳಿಯಲ್ಲೂ ಮೇಲ್ದುಟಿಯ ಮೇಲೆ ಬೆವರು. ನಾನು ನಕ್ಕೆ. "ಶುರುವಾಯ್ತಾ ನಿಂದೂ? ಬಾ, ಕೂತ್ಕೋ," ಎಂದು ಬೆಂಚಿನ ಮೇಲೆ ಕೂರಿಸಿ ಉಪ್ಪು ಬಿಸ್ಕತ್ತು, ಶುಂಠಿ ಸೋಡಾ ಕೊಟ್ಟೆ.

"ದವಡೆ ನೋಯ್ತಿದೆ ಕಣೇ. ಹಲ್ಲುನೋವಿನ ಥರ. ಕಿವಿಯಿಂದ ಕೆಳಕ್ಕೆ."

"ಅಲೆಗೆ ಹೆದ್ರಿ ಹಲ್ಲು ಕಚ್ಕೊಂಡು ನಿಂತಿರ್ತೀಯ. ಎಲ್ರಿಗೂ ಆಗುತ್ತೆ ಬಿಡು," ಎಂದೆ.

ಎಲ್ಲರಿಗೂ ಆಗುವುದಿಲ್ಲ. ಅಷ್ಟು ವರ್ಷದಲ್ಲಿ ಈ ಬೋಟಿನ ಮೇಲೆ ದವಡೆ ನೋವು ಅಂದವರು ಒಬ್ಬರೂ ಇರಲಿಲ್ಲ. ಮತ್ತೆ ಯಾಕೆ ಹಾಗಂದೆ? ಸೊಕ್ಕು. ವಾಂತಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಅನ್ನುವ ಸೊಕ್ಕು. ಈ ದವಡೆಯ ಮಾತನ್ನು ನಾನು ಜಾನೀನ್‌ಗೆ ಹೇಳಿಲ್ಲ, ಲೆನ್ನಿಗೆ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ.

ಅಷ್ಟರಲ್ಲಿ ಅವಳಿಗೆ ವಾಂತಿಯಾಯಿತು. ಬೋಟಿನ ಮೇಲೆ ಸುದ್ದಿಗೆ ಕಾಲಿರುವುದಿಲ್ಲ, ರೆಕ್ಕೆ ಇರುತ್ತದೆ. "ಲೆನ್ನಿ ಹೆಂಡ್ತಿ ಹಸಿರಾದ್ಲು!" ಎಂದು ಯಾರೋ ಕೂಗಿದರು. ಮುಂಬದಿಯಿಂದ ಹಿಂಬದಿಯವರೆಗೆ ಕೇಕೆ. ನಲವತ್ತು ಜನಕ್ಕೂ ಮೀನಿಗಿಂತ ಇದೇ ಮಜವಾಯಿತು. ಇಷ್ಟು ವರ್ಷ ಎಲ್ಲರನ್ನೂ ಗೇಲಿ ಮಾಡಿದವನ ಮನೆಯವಳೇ ಸಿಕ್ಕಿಬಿದ್ದಿದ್ದಾಳೆ, ಬಿಡುತ್ತಾರೆಯೇ?

"ಲೆನ್ನೀ, ಈಗೇನ್ಮಾಡ್ತೀಯಪ್ಪಾ?" ಎಂದ ಹರ್ಮನ್. "ಕಾನೂನು ಎಲ್ರಿಗೂ ಒಂದೇನೋ, ಇಲ್ಲಾ ಮನೆಯವ್ರಿಗೆ ಬೇರೇನೋ?"

ಲೆನ್ನಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಬಗ್ಗಿ ಹೆಂಡತಿಯ ಹಣೆ ಮುಟ್ಟಿದ. "ಏನಾಯ್ತೇ?"

"ಲೆನ್ನಿ, ಮನೆಗೆ ಹೋಗೋಣ ಕಣೋ. ಇದು ಬೇರೇನೋ. ಸರಿ ಇಲ್ಲ."

"ಎಲ್ರೂ ಹಾಗೇ ಅಂತಾರೆ ಚಿನ್ನ. ಹನ್ನೊಂದು ಗಂಟೆ ಹೊತ್ತಿಗೆ ಇಳಿಯುತ್ತೆ ನೋಡು."

"ನಾನು ಎಲ್ರೂ ಅಲ್ಲ. ಮೂವತ್ತು ವರ್ಷದಲ್ಲಿ ಯಾವತ್ತಾದ್ರೂ ನಿನ್ನ ಹತ್ರ ಹೀಗೆ ಬೇಡ್ಕೊಂಡಿದೀನಾ?"

ಬೇಡಿಕೊಂಡಿರಲಿಲ್ಲ. ಅದು ಅವನಿಗೂ ಗೊತ್ತು. ಅವನ ಮುಖದಲ್ಲಿ ಏನೋ ಹೊಯ್ದಾಡಿದ್ದು ನನಗೆ ಕಾಣಿಸಿತು. ಜಾನೀನ್ ಬಾಗಿಲಲ್ಲಿ ನಿಂತು, "ಅಪ್ಪ, ಗಸ್‌ಗೆ ಹೇಳಪ್ಪ, ಸಾಕು," ಎಂದಳು. ಅವನು ಕದಲದಿದ್ದಾಗ ಅವಳೇ ಹೊರಗೆ ಹೋಗಿ ಚುಕ್ಕಾಣಿ ಕೋಣೆಯ ಕಡೆ ಮುಖ ಎತ್ತಿ ಕೂಗಿದಳು. ಲೆನ್ನಿ ಅವಳ ಹಿಂದೆಯೇ ಡೆಕ್ಕಿಗೆ ಬಂದ. ನಾನು ಗಸ್‌ಗೆ ಕಾಫಿ ಕೊಡುವ ನೆಪದಲ್ಲಿ ಮೆಟ್ಟಿಲು ಹತ್ತಿದೆ. ಗಸ್ ಕಿಟಕಿ ಸರಿಸಿ ತಲೆ ಹೊರಗೆ ಹಾಕಿದ.

"ಲೆನ್ನೀ! ನಿನ್ನ ಹೆಂಡ್ತಿ, ನಿನ್ನ ಮಾತು. ತಿರುಗಿಸ್ಲಾ?"

ಡೆಕ್ಕಿನ ಮೇಲಿದ್ದವರು ದಾರ ಸುತ್ತುವುದನ್ನು ನಿಲ್ಲಿಸಿದರು. ಎಲ್ಲರ ಕಣ್ಣೂ ಲೆನ್ನಿಯ ಮೇಲೆ. ಅವರಲ್ಲಿ ಯಾರಿಗೂ ಕೆಟ್ಟ ಮನಸ್ಸು ಇರಲಿಲ್ಲ. ಅವನು ಹೂಂ ಅಂದಿದ್ದರೆ ಒಂದಿಷ್ಟು ಗೊಣಗಿ, ಒಂದಿಷ್ಟು ರೇಗಿಸಿ, ಮುಂದಿನ ವಾರ ಮರೆತುಬಿಡುತ್ತಿದ್ದರು. ಆದರೆ ಅವನಿಗೆ ಅವರ ಮುಖ ಮಾತ್ರ ಕಂಡಿತು. ನೆಲದ ಮೇಲೆ ಎಲ್ಲ ಕಡೆ ಸೋತು ಬಂದವನಿಗೆ ಈ ಎಂಬತ್ತು ಅಡಿ ಹಲಗೆಯೊಂದೇ ಗೆದ್ದ ಜಾಗ. ಅಲ್ಲೂ ಹೆಂಡತಿ ಹೇಳಿದ ಹಾಗೆ ಕೇಳಿದ ಅನ್ನಿಸಿಕೊಳ್ಳುವುದು ಅವನಿಂದಾಗಲಿಲ್ಲ. ಡಬ್ಬ ಬೋರಲು ಹಾಕಿದ. ಹತ್ತಿದ.

"ಇಪ್ಪತ್ತೆಂಟು ವರ್ಷ ಊರೋರ ಹೆಂಡ್ರಿಗೊಂದು ಕಾನೂನು, ಈಗ ನನ್ ಹೆಂಡ್ತಿಗೊಂದು ಕಾನೂನಾ? ಹೋಗ್ರಯ್ಯ ಹೋಗಿ, ಗಾಳ ಬಿಡಿ! ಮಿಸ್ ಕೋರಾ..."

"ತಿರುಗಲ್ಲಾ!"

ಬೋಟು ಅದುರುವ ಹಾಗೆ ಕೂಗಿದರು. ಅಳಿಯ ಕರ್ಟ್ ಕೂಡ ಕೂಗಿದ. ಮೆಟ್ಟಿಲ ಮೇಲೆ ನಿಂತಿದ್ದ ನಾನೂ ನಕ್ಕೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬರ್ಟಾ ಬಾಗಿಲಿನವರೆಗೆ ಬಂದಿದ್ದಳು. ಡಬ್ಬದ ಮೇಲೆ ನಿಂತ ಗಂಡನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಆಮೇಲೆ ಎರಡು ಗಂಟೆ ಮೀನು ಬಿಡುವಿಲ್ಲದೆ ಬಿತ್ತು. ಲೆನ್ನಿ ಮೂರು ಸಲ ಬಂದು ಇಣುಕಿದ. ಒಮ್ಮೆ ಕಂಬಳಿ ಹೊದಿಸಿದ, ಒಮ್ಮೆ ಮಿಠಾಯಿ ತಂದ. ಬರ್ಟಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವನ ಕಡೆ ನೋಡಲಿಲ್ಲ. ಅವನು ಹೋದ ಮೇಲೆ ನನ್ನನ್ನು ಕರೆದು, "ಇದನ್ನ ನೋಡೋಕೇ ನನ್ನ ಕರ್ಕೊಂಡ್ ಬಂದ್ನಾ ಡೀ?" ಎಂದಳು. ನಾನು ಏನೋ ಸಮಾಧಾನದ ಮಾತು ಹೇಳಿ ಮೊಟ್ಟೆ ಮಗುಚಲು ಹೋದೆ. ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರು.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ನೋಡಿದೆ. ತುಟಿ ನೀಲಿಯಾಗಿತ್ತು. ಎಡಗೈ ಕಂಬಳಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು, ನಾನು ಬಿಡಿಸಲು ಹೋದರೆ ಬಿಡಲಿಲ್ಲ. "ಬರ್ಟಾ, ಬರ್ಟಾ" ಎಂದರೆ ಕಣ್ಣು ತೆರೆದು ನನ್ನನ್ನು ದಾಟಿ ಎಲ್ಲೋ ನೋಡಿದಳು. ನಾನು ಕಿರುಚಿಕೊಂಡು ಮೆಟ್ಟಿಲು ಹತ್ತಿದೆ.

ಗಸ್ ಲಂಗರು ಎತ್ತಲಿಲ್ಲ, ಹಗ್ಗವನ್ನೇ ಕಡಿಸಿದ. ಗಿರಾಕಿಗಳು ತಮ್ಮ ತಮ್ಮ ದಾರ ಕತ್ತರಿಸಿ ಹಾಕಿದರು, ಯಾರೂ ಕೇಳಬೇಕಾಗಲಿಲ್ಲ. ರೇಡಿಯೋದಲ್ಲಿ ಕರಾವಳಿ ಕಾವಲಿನವರು ಹೆಲಿಕಾಪ್ಟರ್ ಕಳಿಸುತ್ತೇವೆ ಎಂದರು. ಲೆನ್ನಿ ಅಡುಗೆಗೂಡಿನ ನೆಲದ ಮೇಲೆ ಮಂಡಿಯೂರಿ, ಬಿಸ್ಕತ್ತಿನ ಪುಡಿಯ ನಡುವೆ, ಹೆಂಡತಿಯ ಎದೆ ಒತ್ತುತ್ತಿದ್ದ. ಸುಸ್ತಾದಾಗ ಹರ್ಮನ್ ಒತ್ತಿದ, ಹರ್ಮನ್‌ಗೆ ಸುಸ್ತಾದಾಗ ಮತ್ತೆ ಲೆನ್ನಿ. "ಬೈಯೇ ನನ್ನ, ಬೈಯೇ, ಎದ್ದು ಬೈಯೇ," ಅನ್ನುತ್ತಿದ್ದ. ನಲವತ್ತು ನಿಮಿಷಕ್ಕೆ ಹೆಲಿಕಾಪ್ಟರ್ ಬಂತು. ಹಗ್ಗ ಹಿಡಿದು ಇಳಿದ ಹುಡುಗಿ ಬರ್ಟಾಳ ಕತ್ತು ಮುಟ್ಟಿ ನೋಡಿ, ತನ್ನ ಗಡಿಯಾರ ನೋಡಿ ಹೊತ್ತು ಬರೆದುಕೊಂಡಳು.

ದಕ್ಕೆಯಲ್ಲಿ ಆದದ್ದನ್ನು ಹೇಳಬಾರದು ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ಬೋಟು ಅರ್ಧಕ್ಕೆ ಹಿಂದಿರುಗಿದರೆ ಗಿರಾಕಿಗಳಿಗೆ ಇನ್ನೊಂದು ದಿನ ಬರಲು ಚೀಟಿ ಕೊಡುವುದು ನಮ್ಮ ಕಡೆಯ ಪದ್ಧತಿ. ಗಸ್‌ನ ತಲೆ ಅವತ್ತು ಕೆಲಸ ಮಾಡುತ್ತಿರಲಿಲ್ಲ, ಕೈ ಮಾತ್ರ ರೂಢಿಯಂತೆ ಮಾಡುತ್ತಿತ್ತು. ಒಂದು ಕಡೆ ಆಂಬುಲೆನ್ಸಿನ ಬಾಗಿಲು ತೆರೆದಿದೆ, ಇನ್ನೊಂದು ಕಡೆ ಅವನು ಇಳಿಯುವವರ ಕೈಗೆ ಒಂದೊಂದು ಹಳದಿ ಚೀಟಿ ಇಡುತ್ತಿದ್ದಾನೆ. ಕೆಲವರು ತೆಗೆದುಕೊಂಡರು. ಹರ್ಮನ್ ಹರಿದು ನೀರಿಗೆ ಹಾಕಿದ. ಒಬ್ಬ, ಯಾರೋ ಹೊಸಬ, "ಹಾಗಾದ್ರೆ ನಮ್ ಮೀನು ಸೀಳಿ ಕೊಡೋರು ಯಾರು?" ಎಂದ. ಅವನ ಮುಖಕ್ಕೆ ನನ್ನ ಕೈಯಲ್ಲಿದ್ದ ಕಾಫಿ ಎರಚಿದೆ. ತಣ್ಣಗಾಗಿತ್ತು, ಅದೊಂದೇ ನನಗೆ ಬೇಸರ.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ. ಹೆಂಗಸರಿಗೆ ಎದೆನೋವೇ ಬರಬೇಕೆಂದಿಲ್ಲ, ವಾಕರಿಕೆ, ಬೆವರು, ದವಡೆ ನೋವು ಇಷ್ಟೇ ಕಾಣಿಸಿಕೊಳ್ಳುವುದೂ ಉಂಟು ಎಂದರಂತೆ ವೈದ್ಯರು. ಎರಡು ಗಂಟೆ ಮುಂಚೆ ಕೈಗೆ ಸಿಕ್ಕಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ ಎಂದೂ ಹೇಳಿದರಂತೆ. ಜಾನೀನ್ ಈ ಮಾತನ್ನು ಮಣ್ಣು ಮಾಡುವ ದಿನ, ಎಲ್ಲರ ಎದುರು, ಅಪ್ಪನಿಗೆ ಹೇಳಿದಳು. ಕೂಗಾಡಲಿಲ್ಲ. "ನೀನು ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತಪ್ಪ," ಎಂದಳು ಅಷ್ಟೇ. ಗಂಡನ ಜೊತೆ ಒಹಾಯೋಗೆ ಹೋದವಳು ಮತ್ತೆ ಅವನ ಜೊತೆ ಮಾತಾಡಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಲೆನ್ನಿಯ ಕಥೆ. ಮೂರನೇ ವಾರಕ್ಕೆ ಕೆಲಸಕ್ಕೆ ಬಂದ. ಅಳಿವೆ ದಾಟಿತು, ಮೊದಲ ಅಲೆ ಬಡಿಯಿತು, ಅವನು ಡಬ್ಬದ ಕಡೆ ಹೋಗಲಿಲ್ಲ. ಗಿರಾಕಿಗಳ ಮುಖಗಳನ್ನೇ ಒಂದೊಂದಾಗಿ ನೋಡುತ್ತ ನಡೆದಾಡಿದ. ಒಂದು ಗಂಟೆ ಕಳೆದ ಮೇಲೆ ಕಾಲೇಜು ಹುಡುಗಿಯೊಬ್ಬಳು ವಾಂತಿ ಬಂದು ಕಟಕಟೆಗೆ ಬಗ್ಗಿದಳು. ಲೆನ್ನಿ ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದ.

"ತಿರುಗಿಸು ಗಸ್."

ಗಸ್ ತಿರುಗಿಸಿದ. ಎಲ್ಲರಿಗೂ ಚೀಟಿ ಕೊಟ್ಟ. ಮುಂದಿನ ಶನಿವಾರ ನಡುವಯಸ್ಸಿನ ಹೆಂಗಸೊಬ್ಬಳಿಗೆ ಹಾಗಾಯಿತು. ಮತ್ತೆ ತಿರುಗಿಸಿದ, ಮತ್ತೆ ಚೀಟಿ. ಮೂರನೇ ಸಲ ಮದುವೆಗೆ ಮುಂಚಿನ ಮೋಜಿಗೆ ಹೊರಟಿದ್ದ ಫಿಲಡೆಲ್ಫಿಯಾ ಕಡೆಯ ಮದುಮಗನ ಗುಂಪು. ರಾತ್ರಿಯಿಡೀ ಕುಡಿದು ನೇರ ದಕ್ಕೆಗೆ ಬಂದಿದ್ದರು. ಅವರಲ್ಲೊಬ್ಬ ಅಳಿವೆ ದಾಟುವ ಮೊದಲೇ ಕಕ್ಕತೊಡಗಿದ.

"ಲೆನ್ನಿ, ಅವನು ಕುಡಿದಿದ್ದು ಕಣ್ಣಿಗೆ ಕಾಣ್ತಿಲ್ವೇನೋ? ಅದು ಬಿಯರ್ ಕಣೋ, ಬರೀ ಬಿಯರ್," ಎಂದ ಗಸ್.

"ನಿಂಗೇನ್ ಗೊತ್ತು? ನಂಗೇನ್ ಗೊತ್ತು? ನಾವೇನ್ ಡಾಕ್ಟ್ರಾ? ತಿರುಗಿಸು!"

ಗಸ್ ಆಗಲ್ಲ ಎಂದ. ಲೆನ್ನಿ ಚುಕ್ಕಾಣಿಗೇ ಕೈಹಾಕಿದ. ಇಬ್ಬರು ಮುದುಕರು ಅಷ್ಟು ಚಿಕ್ಕ ಕೋಣೆಯಲ್ಲಿ ಒಬ್ಬರನ್ನೊಬ್ಬರು ದಬ್ಬಾಡಿದರು. ಬೋಟು ಅಡ್ಡ ತಿರುಗಿ ಅಲೆ ಡೆಕ್ಕಿನ ಮೇಲೆ ಬಂತು. ನನ್ನ ಬಾಣಲೆ, ಮೊಟ್ಟೆ ಎಲ್ಲ ನೆಲದ ಪಾಲು. ಅವತ್ತು ದಕ್ಕೆ ತಲುಪಿದ ಮೇಲೆ ಗಸ್ ಅಳುತ್ತ, "ಇನ್ ಬರ್ಬೇಡ ಲೆನ್ನಿ, ನಿನ್ ಕಾಲಿಗೆ ಬೀಳ್ತೀನಿ, ಬರ್ಬೇಡ," ಎಂದ. ಲೆನ್ನಿ ಬೂಟು ಬಿಚ್ಚಿ ಅಲ್ಲೇ ಹಲಗೆಯ ಮೇಲಿಟ್ಟು ಬರಿಗಾಲಲ್ಲಿ ಕಾರಿಗೆ ಹೋದ.

ತಲೆ ಕೆಟ್ಟಿದೆ ಅವನಿಗೆ ಎಂದು ದಕ್ಕೆಯಲ್ಲಿ ಮಾತಾಡಿಕೊಂಡರು. ಯಾರು? ಅವತ್ತು ಗಂಟಲು ಹರಿಯುವ ಹಾಗೆ ಕೂಗಿದವರೇ. ಅಂಥವರಿಗೆ ನಾನು ಮೊಟ್ಟೆ ಸುಟ್ಟು ಕರಕಲು ಮಾಡಿಯೇ ಕೊಡುತ್ತೇನೆ, ಈಗಲೂ. ಮರುವರ್ಷ ಬೇಸಿಗೆಗೆ ಹೊಸ ಆಳು ಬಂದ. ಯಾರು ಹೇಳಿಕೊಟ್ಟರೋ, ಅದೇ ಭಾಷಣ ಶುರು ಮಾಡಿದ. ಒಬ್ಬನೂ ಸತ್ತಿಲ್ಲ ಅನ್ನುವ ಸಾಲನ್ನು ಮಾತ್ರ ಬಿಟ್ಟಿದ್ದಾನೆ. ಗಿರಾಕಿಗಳು ಮೊದಲಿನ ಹಾಗೆಯೇ ಕೂಗುತ್ತಾರೆ.

ಲೆನ್ನಿ ಈಗ ಹೆದ್ದಾರಿಯ ಪಕ್ಕದ ಸೂಪರ್ ಮಾರ್ಕೆಟಿನಲ್ಲಿ ತಳ್ಳುಗಾಡಿಗಳನ್ನು ಜೋಡಿಸುತ್ತಾನೆ. ಹೋದ ಫೆಬ್ರವರಿಯಲ್ಲಿ, ಬೋಟು ಓಡದ ತಿಂಗಳು, ಬೆಳಗಿನ ತಿಂಡಿಗೆ ಹೋಟೆಲಿಗೆ ಹೋಗಿದ್ದೆ. ಅವನು ಒಬ್ಬನೇ ಕೂತಿದ್ದ. ಎದುರಿಗೆ ಕೂರು ಎಂದ. ಹವೆಯ ವಿಷಯ, ಗಸ್‌ನ ಸೊಂಟನೋವಿನ ವಿಷಯ ಮಾತಾಡಿದೆವು. ಇಳಿದುಹೋಗಿದ್ದ. ಅಂಗಿಯ ಕಾಲರು ಮಾಸಿತ್ತು, ಹೇಳುವವರು ಇಲ್ಲವಲ್ಲ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ.

"ಡೀ, ಅವತ್ತು ನೀನು ಮೆಟ್ಟಿಲ ಮೇಲಿದ್ದೆ. ಗಸ್ ಸುಮ್ನೆ ಬಾಯಿಮಾತಿಗೆ ಕೇಳಿದ್ದು ಅಲ್ವಾ? ಎಲ್ರ ಎದುರು ತಮಾಷೆಗೆ. ನಾನು ಹೂಂ ಅಂದಿದ್ರೂ ಅವನು ತಿರುಗಿಸ್ತಿರ್ಲಿಲ್ಲ. ಅಲ್ವಾ?"

ಹೌದು ಅಂದುಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆ ಒಂದು ಸುಳ್ಳಿನಿಂದ ಅವನು ರಾತ್ರಿ ನಿದ್ದೆ ಮಾಡುತ್ತಿದ್ದ. ಆದರೆ ನನ್ನೊಳಗೂ ಎರಡು ವರ್ಷದಿಂದ ಬೆಂಕಿ ಇತ್ತು, ಅದನ್ನು ಯಾರ ಮೇಲಾದರೂ ಹಾಕಬೇಕಿತ್ತು. ನನ್ನ ಪಾಲಿನದನ್ನು ನಾನು ಬಾಯಿ ಬಿಡಲಿಲ್ಲ. ಅವನ ಪಾಲಿನದನ್ನು ಮಾತ್ರ ಪೂರ್ತಿ ಕೊಟ್ಟೆ.

"ತಿರುಗಿಸ್ತಿದ್ದ ಲೆನ್ನಿ. ಎಂಜಿನ್ ಕೀಲಿ ಅವನ ಬೆರಳಲ್ಲಿತ್ತು. ಲಂಗರು ಎತ್ತೋಕೆ ಮುಂಬದಿಯ ಹುಡುಗನಿಗೆ ಸನ್ನೇನೂ ಮಾಡಿದ್ದ. ನಿನ್ನ ಮಾತಿಗೆ ಕಾಯ್ತಿದ್ದ ಅಷ್ಟೇ."

ಅವನು ತುಂಬ ಹೊತ್ತು ತಲೆಯಾಡಿಸಿದ. "ಸರಿ. ಹೇಳಿದ್ದು ಒಳ್ಳೇದಾಯ್ತು ಡೀ," ಎಂದ. ಎದ್ದು ಕೋಟು ಹಾಕಿಕೊಂಡ. ಗಲ್ಲಾದ ಹತ್ತಿರ ನಿಂತು ನನ್ನ ತಿಂಡಿಯ ದುಡ್ಡನ್ನೂ ಅವನೇ ಕೊಟ್ಟು ಹೊರಟ.